ಕೆಂಪಾಪುರದ ಮನೆಯಲ್ಲಿ ಮುಗಿಯದ ಮುಸ್ಸಂಜೆ

ಸೂರ್ಯನನ್ನು ಮೂಡಿಸುವುದು, ಮುಳುಗಿಸುವುದು ಮೇಲಿನವನ ಇಲಾಖೆ ಎಂದು ಬೆಂಗಳೂರೆಲ್ಲ ನಂಬಿಕೊಂಡಿತ್ತು. ಕೆಂಪಾಪುರದ ನರಸಿಂಹಯ್ಯನವರ ಮನೆಯ ಮಟ್ಟಿಗೆ ಆ ಇಲಾಖೆಯನ್ನು ಸಿದ್ದಲಿಂಗ ವಹಿಸಿಕೊಂಡ. ಅವನು ವಹಿಸಿಕೊಂಡು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಮನೆಯಲ್ಲಿ ಬೆಳಗಾಗುವುದೇ ನಿಂತುಹೋಯಿತು.

ಸಿದ್ದಲಿಂಗ ವಿಜಯಪುರದ ಕಡೆಯವನು. ಆರ್.ಟಿ. ನಗರದಲ್ಲೊಂದು ಬಾಡಿಗೆ ಕೋಣೆ, ಒಂದು ಲ್ಯಾಪ್‌ಟಾಪು, ಒಂದು ಬಾಯಿ, ಇಷ್ಟೇ ಅವನ ಆಸ್ತಿ. ಕೋಣೆ ಸಣ್ಣದು, ಲ್ಯಾಪ್‌ಟಾಪು ಹಳೆಯದು. ಬಾಯಿ ಮಾತ್ರ ಹೆಬ್ಬಾಳದ ಮೇಲ್ಸೇತುವೆಯಂಥದ್ದು. ಒಮ್ಮೆ ಹತ್ತಿದ ಮಾತು ಯಾವ ಕವಲಿನಲ್ಲಿ ಇಳಿಯುತ್ತದೆಂದು ಹತ್ತಿಸಿದವನಿಗೂ ಗೊತ್ತಿರುತ್ತಿರಲಿಲ್ಲ. ಉಳ್ಳವರ ಮನೆಯ ದೀಪಗಳಿಗೆ ಬುದ್ಧಿ ಕಲಿಸುವುದು ಅವನ ಉದ್ಯೋಗ. ಯಾವ ದೀಪ ಯಾವಾಗ ಹತ್ತಬೇಕು, ಎಷ್ಟು ಮಂಕಾಗಬೇಕು, ಯಾವ ಪರದೆ ಯಾವಾಗ ಮುಚ್ಚಬೇಕು ಎಂದು ಲ್ಯಾಪ್‌ಟಾಪಿನಲ್ಲಿ ಬರೆದು ಗೋಡೆಯೊಳಗಿನ ಪೆಟ್ಟಿಗೆಗೆ ತುಂಬಿಸಿದರೆ ಆಯಿತು. ಆಮೇಲೆ ಮನೆಯವರು ಸ್ವಿಚ್ಚಿನ ಕಡೆ ಕೈ ಚಾಚಬೇಕಿಲ್ಲ. ಎಲ್ಲ ಚೆನ್ನಾಗಿದ್ದರೆ, ಅಷ್ಟೇ.

ನರಸಿಂಹಯ್ಯನವರು ಊರು ಊರಾಗಿದ್ದ ಕಾಲದಿಂದ ಕೆಂಪಾಪುರದವರು. ಅಪ್ಪ ರಾಗಿ ಬೆಳೆದ ಹೊಲದಲ್ಲಿ ಮಗ ಮಹಡಿಗಳನ್ನು ಬೆಳೆದಿದ್ದರು. ಎಲ್ಲಕ್ಕಿಂತ ಎತ್ತರದ ಕಟ್ಟಡದ ಮೇಲಿನ ಅಂತಸ್ತಿನಲ್ಲಿ ತಮಗಾಗಿ ಒಂದು ಅರಮನೆ ಕಟ್ಟಿಸಿಕೊಂಡಿದ್ದರು. ಅಲ್ಲಿ ದೀಪಗಳನ್ನು ಎಣಿಸಲು ಹೋದ ಎಲೆಕ್ಟ್ರಿಷಿಯನ್ ಹಜಾರ ದಾಟುವಷ್ಟರಲ್ಲಿ ಲೆಕ್ಕ ತಪ್ಪಿ, ಮತ್ತೆ ಮೊದಲಿನಿಂದ ಎಣಿಸಿ, ಮತ್ತೆ ತಪ್ಪಿ, ಕೊನೆಗೆ ಆ ಕಸುಬನ್ನೇ ಬಿಟ್ಟು ಹೂವಿನ ವ್ಯಾಪಾರಕ್ಕಿಳಿದನಂತೆ. ಹಾಗೆಂದು ಹೇಳಿದವನು ಸಿದ್ದಲಿಂಗ. ಆದ್ದರಿಂದ ಅರ್ಧ ಕಳೆದು ನಂಬಿದರೆ ಸಾಕು.

ಈ ದೀಪಸಾಗರಕ್ಕೆಲ್ಲ ಒಂದೇ ಒಂದು ಕಣ್ಣು. ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ, ಮಳೆ ತಾಗದಂತೆ ಸಜ್ಜದ ಕೆಳಗೆ, ನಿಂಬೆಹಣ್ಣಿನ ಗಾತ್ರದ ಒಂದು ಸೆನ್ಸರು. ಹೊರಗೆ ಬೆಳಕೆಷ್ಟಿದೆ ಎಂದು ನೋಡಿ ಒಳಗಿನ ಪೆಟ್ಟಿಗೆಗೆ ಹೇಳುವುದು ಅದರ ಕೆಲಸ. ಅದು ‘ಕತ್ತಲಾಯಿತು’ ಅಂದರೆ ಸಾಕು, ಕಾಂಪೌಂಡಿನ ದೀಪ, ಮೆಟ್ಟಿಲ ದೀಪ, ಹಜಾರದ ತೂಗುದೀಪ, ದೇವರಮನೆಯ ದೀಪ ಎಲ್ಲ ಒಟ್ಟಿಗೆ ಹತ್ತಿ, ಪರದೆಗಳು ತಾವಾಗಿ ಮುಚ್ಚಿಕೊಳ್ಳುತ್ತಿದ್ದವು. ಯಾರಾದರೂ ಕೈಯಾರೆ ದೀಪ ಆರಿಸಿದರೂ ಒಂದಿಷ್ಟು ಹೊತ್ತಿಗೆ ಮತ್ತೆ ಹತ್ತಿಕೊಳ್ಳುವಂತೆ ಸಿದ್ದಲಿಂಗ ಬರೆದಿಟ್ಟಿದ್ದ.

“ಕೊನೇ ಮಾತು ಕಣ್ಣಿನದೇ ಯಜಮಾನ್ರೇ,” ಎಂದಿದ್ದ ಅವನು. “ಮನುಷ್ಯ ತಪ್ಪು ಮಾಡ್ತಾನೆ. ನನ್ ಪ್ರೋಗ್ರಾಮ್ ಮಾಡಲ್ಲ. ಈ ಕಣ್ಣನ್ನ ಹೆಬ್ಬಾಳ ಕೆರೆಗೆ ಎಸೀರಿ, ತಳದಲ್ಲಿ ಕೂತ್ಕೊಂಡೂ ಕೆಲ್ಸ ಮಾಡುತ್ತೆ.”

“ಅಂಗಾದ್ರೆ ಸರಿ ಬುಡು,” ಎಂದು ನರಸಿಂಹಯ್ಯನವರು ಮೀಸೆ ತಿರುವಿದ್ದರು.

ಮಳೆಗಾಲವೆಲ್ಲ ಮನೆ ಹೇಳಿದ ಮಾತು ಕೇಳಿತು. ಆಮೇಲೆ ಆಯುಧಪೂಜೆ ಬಂತು.

ನರಸಿಂಹಯ್ಯನವರದು ನರಸಿಂಹಸ್ವಾಮಿಯ ಒಕ್ಕಲು, ಹಣೆಗೆ ನಾಮ. ಅವರು ಕಾರಿಗೂ ನೀರೆತ್ತುವ ಮೋಟಾರಿಗೂ ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು ಕೈ ತೊಳೆದುಕೊಂಡರು. ಸಿದ್ದಲಿಂಗ ಬಿಟ್ಟಾನೆಯೇ? “ನನ್ ಮಷೀನಿಗೆ ನಾನೇ ಪೂಜೆ ಮಾಡ್ತೀನಿ. ನಮ್ ಕಡೆ ಇದಕ್ಕೆ ಖಂಡೆ ಪೂಜೆ ಅಂತೀವಿ, ತಮಾಷೆ ಅಲ್ಲ,” ಎಂದು ತನ್ನೂರ ಮಠದಿಂದ ತಂದ ವಿಭೂತಿಗಟ್ಟಿಯನ್ನು ನೀರಿನಲ್ಲಿ ತೇಯ್ದ. ಎಷ್ಟು ಗಟ್ಟಿಯಾಗಿ ತೇಯ್ದನೆಂದರೆ ಅದರಲ್ಲಿ ಗೋಡೆ ಗಿಲಾವು ಮಾಡಬಹುದಿತ್ತು. ಗೋಡೆಯೊಳಗಿನ ಪೆಟ್ಟಿಗೆಯಿಂದ ಹಿಡಿದು ತಾರಸಿಯವರೆಗೆ, ತಾನು ಕೂರಿಸಿದ ಒಂದೊಂದು ವಸ್ತುವಿಗೂ ಮೂರು ಬೆರಳು ಎಳೆದು ಮೂರು ಪಟ್ಟೆ ಬಳಿದು ಕೈ ಮುಗಿದ.

ಮರುದಿನ ಬೆಳಿಗ್ಗೆ, ಬಿಸಿಲು ಕೆಂಪಾಪುರವನ್ನು ಹಪ್ಪಳದಂತೆ ಸುಡುತ್ತಿದ್ದಾಗ, ನರಸಿಂಹಯ್ಯನವರ ಮನೆಯ ಪರದೆಗಳು ಮುಚ್ಚಿಯೇ ಇದ್ದವು, ದೀಪಗಳು ಹತ್ತಿಯೇ ಇದ್ದವು. ಆರಿಸಿದರು. ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಮತ್ತೆ ಹತ್ತಿದವು. ಮತ್ತೆ ಆರಿಸಿದರು. ಮತ್ತೆ ಹತ್ತಿದವು.

ಇಷ್ಟೇ ಆಗಿದ್ದರೆ ಕರೆಂಟು ಬಿಲ್ಲು ಏರಿತು ಅಂದುಕೊಂಡು ಸುಮ್ಮನಿರಬಹುದಿತ್ತು. ಆದರೆ ಆ ಮನೆಯಲ್ಲಿ ಸುಬ್ಬಮ್ಮನವರಿದ್ದರು. ನರಸಿಂಹಯ್ಯನವರ ಹೆಂಡತಿ. ದೀಪ ಹತ್ತಿತೆಂದರೆ ಕೈ ಮುಗಿಯಬೇಕು, ಅದು ಎಣ್ಣೆಯದಿರಲಿ ಎಲ್‌ಇಡಿಯದಿರಲಿ. ದೀಪ ಹತ್ತಿದ ಮೇಲೆ ಕಸ ಗುಡಿಸಬಾರದು, ಲಕ್ಷ್ಮಿ ಹೊರಗೆ ಹೋಗುತ್ತಾಳೆ. ತಲೆ ಬಾಚಬಾರದು, ಉಗುರು ತೆಗೆಯಬಾರದು, ಮಲಗಬಾರದು. ಉಪ್ಪು, ಸೂಜಿ, ಮೊಸರು ಹೊಸಿಲು ದಾಟಬಾರದು. ಇವು ಅವರ ಅತ್ತೆ ಹೇಳಿಕೊಟ್ಟ ಕಾನೂನುಗಳು. ಗಡಿಯಾರ ಏನು ಹೇಳುತ್ತದೆಂದು ನೋಡಬೇಕೆಂದು ಅತ್ತೆ ಹೇಳಿಕೊಟ್ಟಿರಲಿಲ್ಲ. ಹೀಗಾಗಿ ದಸರೆಯಿಂದೀಚೆಗೆ ಆ ಅರಮನೆಯಲ್ಲಿ ಬರೀ ಮುಸ್ಸಂಜೆ. ಸುಬ್ಬಮ್ಮನವರು ಕೈ ಮುಗಿದೂ ಮುಗಿದೂ ಅವರ ಎರಡು ಅಂಗೈಗಳು ಅಂಟಿಕೊಂಡೇ ಬಿಟ್ಟಿವೆಯೆಂದು ಬಾಡಿಗೆಯವರು ಆಡಿಕೊಂಡರು. ಮೂಲೆಗಳಲ್ಲಿ ಧೂಳು ಗುಡ್ಡೆಯಾಗಿ, ಸೋಫಾದ ಹಿಂದೆ ಒಂದು ಹೊಸ ಬಡಾವಣೆ ಎದ್ದಿತು. ನರಸಿಂಹಯ್ಯನವರ ಉಗುರುಗಳು ಕೋಳಿಯ ಉಗುರಿನಂತಾದವು. ಕೆಳಗಿನ ಮನೆಯ ಆಶಾರಾಣಿ ಹೆಪ್ಪಿಗೆ ಒಂದು ಚಮಚ ಮೊಸರು ಕೇಳಿಕೊಂಡು ಬೆಳಿಗ್ಗೆ ಬಂದಳು, ಮಧ್ಯಾಹ್ನ ಬಂದಳು, ಬಂದಾಗಲೆಲ್ಲ ದೀಪ ಉರಿಯುತ್ತಿತ್ತು.

“ದೀಪ ಹಚ್ಚಿದ್ಮ್ಯಾಗೆ ಮೊಸ್ರು ಕೊಡಾಕಿಲ್ಲ ಕಣವ್ವಾ.”

“ಅಮ್ಮಾ, ಹನ್ನೊಂದು ಗಂಟೆ ಬಿಸ್ಲು!”

“ಅದುನ್ನ ಆ ಇಂಜಿನೀರಿಗೆ ಯೋಳು.”

ಇಂಜಿನೀರು ಬಂದ. ಬಂದವನು ಪೆಟ್ಟಿಗೆ ಬಿಚ್ಚಿದ, ಮುಚ್ಚಿದ. ರೀಸ್ಟಾರ್ಟ್ ಮಾಡಿದ. ವೈಫೈ ಬದಲಿಸಿದ. ಪ್ರೋಗ್ರಾಮನ್ನೆಲ್ಲ ಅಳಿಸಿ ಮತ್ತೆ ಬರೆದ. ಈ ಸಲ ಎಷ್ಟು ಶ್ರದ್ಧೆಯಿಂದ ಬರೆದನೆಂದರೆ ದೀಪಗಳು ಮೊದಲಿಗಿಂತ ಬೇಗ ಹತ್ತತೊಡಗಿದವು. ಲ್ಯಾಪ್‌ಟಾಪಿನಲ್ಲಿ ನೋಡಿದರೆ ಕಣ್ಣು ತಣ್ಣಗೆ ‘ಕತ್ತಲು’ ಎಂದು ತೋರಿಸುತ್ತಿತ್ತು. ಬೇರೆ ಯಾರೇ ಆಗಿದ್ದರೂ ಮೆಟ್ಟಿಲು ಹತ್ತಿ ಆ ಕಣ್ಣನ್ನೊಮ್ಮೆ ನೋಡಿ ಬರುತ್ತಿದ್ದರು. ಸಿದ್ದಲಿಂಗ ಹತ್ತಲಿಲ್ಲ. ತಾನೇ ಕೈಯಾರೆ ಕೂರಿಸಿ, ತಾನೇ ಪೂಜೆ ಮಾಡಿದ ವಸ್ತುವನ್ನು ಅನುಮಾನಿಸುವುದೆಂದರೇನು? ಅದಕ್ಕಿಂತ ಸೂರ್ಯನನ್ನು ಅನುಮಾನಿಸುವುದು ಸುಲಭ.

“ಸೆನ್ಸರ್ ಕರೆಕ್ಟಾಗಿದೆ ಯಜಮಾನ್ರೇ. ಬಿಸ್ಲೇ ವೀಕಾಗಿದೆ. ಪೊಲ್ಯೂಷನ್ನು,” ಎಂದ.

ನರಸಿಂಹಯ್ಯನವರು ಪರದೆ ಸರಿಸಿ ಕಿಟಕಿಯಾಚೆ ನೋಡಿದರು. ಬಿಸಿಲಿಗೆ ಅವರ ಕಣ್ಣಲ್ಲಿ ನೀರು ಬಂತು. “ಇದು ವೀಕಾ?” ಎಂದರು.

ಆ ಹೊತ್ತಿಗೆ ಸರಿಯಾಗಿ ಒಂದು ವಿಮಾನ ತಲೆಯ ಮೇಲೆ ಗುಡುಗಿಕೊಂಡು ಹೋಯಿತು. ಸಿದ್ದಲಿಂಗನ ಬಾಯಿ ಮೇಲ್ಸೇತುವೆ ಹತ್ತಿತು. “ಕೇಳಿಸ್ತಾ? ಅದೇ ಕಾರಣ! ವಿಮಾನದ ತರಂಗ. ಬೇರೆಯವ್ರ ಮನೆಗೆ ಏನೂ ಆಗಲ್ಲ. ನಿಮ್ದು ಊರಿಗೇ ಎತ್ತರದ ಮನೆ, ಅದ್ಕೆ ನೇರವಾಗಿ ನಿಮ್ ಮನೆಗೇ ಬಡಿಯುತ್ತೆ.”

ಈ ಕಾರಣ ನರಸಿಂಹಯ್ಯನವರಿಗೆ ಬಹಳ ಹಿಡಿಸಿತು. ಬಲ್ಬು ಕೆಟ್ಟಿದೆ ಎಂದು ಯಾರಾದರೂ ಹೇಳಬಹುದು. ವಿಮಾನಕ್ಕೂ ತಮ್ಮ ಮನೆಗೂ ಜಗಳ ಬಿದ್ದಿದೆ ಎಂದು ಕೆಂಪಾಪುರದಲ್ಲಿ ಇನ್ಯಾರು ಹೇಳಬಲ್ಲರು? ಅಂದು ಸಂಜೆಯೇ ಟೀ ಅಂಗಡಿಯಲ್ಲಿ ಹೇಳಿದರು. ಮರುದಿನ ಕ್ಷೌರದಂಗಡಿಯಲ್ಲಿ ಹೇಳಿದರು. ನಾಲ್ಕು ಜನ ಬಂದು ತಾರಸಿಯತ್ತ ನೋಡಿ, ಬಾಯಿ ತೆರೆದು, ತಲೆಯಾಡಿಸಿ ಹೋದರು. ಆದರೆ ಹೆಮ್ಮೆಗೂ ಒಂದು ಮಿತಿಯುಂಟು. ದೀಪಾವಳಿ ಹತ್ತಿರ ಬಂತು. ಗುಡಿಸದ ಮನೆಯಲ್ಲಿ ಹಬ್ಬ ಮಾಡುವುದಿಲ್ಲವೆಂದು ಸುಬ್ಬಮ್ಮನವರು ಸೆರಗು ಕಟ್ಟಿ ನಿಂತರು.

“ಭಾನುವಾರ ಕೊನೆ,” ಎಂದು ನರಸಿಂಹಯ್ಯನವರು ಫೋನು ಮಾಡಿದರು. “ಸರಿ ಓಗ್ಲಿಲ್ಲ ಅಂದ್ರೆ ನಿನ್ ಪೆಟ್ಗೆ ಕಿತ್ತು ಬೀದಿಗೆ ಬಿಸಾಕಿ, ಆ ಹಳೇ ಕರೀ ಸ್ವಿಚ್ಚು ಆಕುಸ್ತೀನಿ. ಟಕ್ ಅಂದ್ರೆ ಅತ್ಬೇಕು, ಟಕ್ ಅಂದ್ರೆ ಆರ್‌ಬೇಕು.”

ಸಿದ್ದಲಿಂಗ ಕೂತಲ್ಲಿಂದ ಎದ್ದು ನಿಂತ. ಪೆಟ್ಟಿಗೆಗಾಗಿ ಅಲ್ಲ. ಅದೇ ಭಾನುವಾರ, ಅದೇ ಮನೆಗೆ, ಅವನು ಅಕ್ಷಯಾಳನ್ನೂ ಅವಳ ಅಪ್ಪನನ್ನೂ ಕರೆದಿದ್ದ.

ಅಕ್ಷಯಾ ಸಂಜಯನಗರದ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಸಿದ್ದಲಿಂಗ ಒಮ್ಮೆ ತಲೆನೋವೆಂದು ಅಲ್ಲಿಗೆ ಹೋಗಿ, ಗೋಡೆಯ ಮೇಲಿನ ಅಕ್ಷರಗಳನ್ನೆಲ್ಲ ಓದಿ, ಹುರುಪಿನಲ್ಲಿ ಅಲ್ಲಿಲ್ಲದ ಒಂದು ಸಾಲನ್ನೂ ಓದಿದ್ದ. ಅವಳು ನಕ್ಕಿದ್ದಳು. ಆ ನಗೆ ಅವನೊಳಗಿನ ಅಷ್ಟೂ ದೀಪಗಳನ್ನು ಒಟ್ಟಿಗೆ ಹತ್ತಿಸಿತು, ಯಾವ ಪ್ರೋಗ್ರಾಮೂ ಇಲ್ಲದೆ. ಆಮೇಲೆ ತಿಂಗಳಿಗೊಮ್ಮೆ ಅವನ ಕಣ್ಣು ಕೆಡತೊಡಗಿದವು. ಕೊನೆಗೆ ಅವಳೇ, “ನಿಮ್ ಕಣ್ಣಲ್ಲಿ ಏನೂ ತೊಂದ್ರೆ ಇಲ್ಲ. ತೊಂದ್ರೆ ಬೇರೆ ಕಡೆ ಇದೆ. ಅಪ್ಪನ್ನ ಮಾತಾಡ್ಸಿ,” ಎಂದಿದ್ದಳು.

ಅಪ್ಪ ಕಾಶಿನಾಥರು ಬಾಗಲಕೋಟೆಯ ಕಡೆಯಿಂದ ಬಂದು, ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರಾಗಿ ನಿವೃತ್ತರಾದವರು. ಹಣೆಯ ಮೇಲೆ ವಿಭೂತಿ ಎಷ್ಟು ನೇರವೋ ಮಾತೂ ಅಷ್ಟೇ ನೇರ. “ಹುಡುಗನ ಮನಿ ನೋಡೂದಿಲ್ಲ, ಹೊಲ ನೋಡೂದಿಲ್ಲ. ಅಂವಾ ಮಾಡಿದ ಕೆಲಸ ನೋಡ್ತೇನಿ. ಕೆಲಸ ಛಲೋ ಇದ್ರ ಹುಡುಗನೂ ಛಲೋ,” ಎಂದಿದ್ದರು. ಸಿದ್ದಲಿಂಗ ಎದೆಯುಬ್ಬಿಸಿ, “ಹಂಗಾದ್ರ ಕೆಂಪಾಪುರಕ್ಕ ಬರ್ರಿ ಕಾಕಾರ. ಒಂದು ಅರಮನಿ ನನ್ನ ಬೆರಳಿನ ತುದಿ ಮ್ಯಾಲ ಕುಣೀತೈತಿ,” ಎಂದುಬಿಟ್ಟಿದ್ದ. ಅದನ್ನು ಹೇಳಿದ್ದು ಆಯುಧಪೂಜೆಗೆ ಮುಂಚೆ. ಆಡಿದ ಮಾತನ್ನು ರೀಸ್ಟಾರ್ಟ್ ಮಾಡಲು ಯಾವ ಗುಂಡಿಯೂ ಇಲ್ಲ.

ಭಾನುವಾರ ನಾಲ್ಕರ ಬಿಸಿಲಿಗೆ ಅಪ್ಪ ಮಗಳು ಬಂದರು. ಮನೆ ಧಗಧಗ ಹೊಳೆಯುತ್ತಿತ್ತು. ಪರದೆ ಮುಚ್ಚಿತ್ತು. ಅಕ್ಷಯಾ ಒಳಗೆ ಕಾಲಿಟ್ಟಾಗ ಕಾಲಡಿ ಕಸ ಚುರುಗುಟ್ಟಿತು.

“ಏನ ಬೆಳಕೋ ಮಾರಾಯ!” ಎಂದು ಕಾಶಿನಾಥರು ತೂಗುದೀಪ ನೋಡುತ್ತ ನಿಂತರು. “ಆದ್ರ ಹಗಲಿನ್ಯಾಗ ಯಾಕ?”

“ನಿಮಗ ತೋರಸಾಕ ಹಚ್ಚೇನ್ರಿ ಕಾಕಾರ. ಡೆಮೋ,” ಎಂದ ಸಿದ್ದಲಿಂಗ.

“ಡೆಮೋನಾ?” ನರಸಿಂಹಯ್ಯನವರು ಒಳಗಿನಿಂದಲೇ ಗುಡುಗಿದರು. “ದಸರಾದಿಂದ ಇದೇ ಡೆಮೋ ನಡೀತೈತೆ ಸ್ವಾಮಿ!”

ಸಿದ್ದಲಿಂಗ ನಕ್ಕ. ಅಳುವವರು ಆಗಾಗ ಹಾಗೆ ನಗುವುದುಂಟು. “ಯಜಮಾನ್ರಿಗೆ ತಮಾಷೆ ಜಾಸ್ತಿ. ಈಗ ನೋಡಿ, ಒಂದೇ ಬೆರಳು,” ಎಂದು ಮೊಬೈಲಿನ ಮೇಲೆ ಬೆರಳಿಟ್ಟ. ಅಷ್ಟೂ ದೀಪ ಒಟ್ಟಿಗೆ ಆರಿದವು, ಪರದೆಗಳು ಸರಿದವು, ಬಿಸಿಲು ಒಳಗೆ ಬಿದ್ದು ಧೂಳಿನ ಗುಡ್ಡಗಳೆಲ್ಲ ಚಿನ್ನವಾದವು. ಕಾಶಿನಾಥರು “ಭಲೇ!” ಎಂದರು. ತಮ್ಮ ಕಾರ್ಖಾನೆಯಲ್ಲಿ ಒಂದು ಯಂತ್ರ ನಿಲ್ಲಿಸಲು ಎಷ್ಟು ಜನ ಬೇಕಾಗುತ್ತಿತ್ತೆಂದು ವಿವರಿಸತೊಡಗಿದರು. ಸಿದ್ದಲಿಂಗ ಹೂಂಗುಟ್ಟುತ್ತ ತನಗೆ ಗೊತ್ತಿದ್ದ ದೇವರನ್ನೆಲ್ಲ ನೆನೆದ. ನೆನೆದು ಮುಗಿಯುವಷ್ಟರಲ್ಲಿ ಪರದೆ ಸರ್ರೆಂದು ಮುಚ್ಚಿತು, ದೀಪಗಳು ಧಗ್ಗೆಂದು ಹತ್ತಿದವು. ಅಡುಗೆಮನೆಯ ಬಾಗಿಲಲ್ಲಿದ್ದ ಸುಬ್ಬಮ್ಮನವರು ತಟ್ಟೆ ಕೆಳಗಿಟ್ಟು ಕೈ ಮುಗಿದರು.

ಅದೇ ಗಳಿಗೆಗೆ ಹೊಸಿಲಾಚೆ ಆಶಾರಾಣಿ ಬಟ್ಟಲು ಹಿಡಿದು ಬಂದು ನಿಂತಳು. ದೀಪ ನೋಡಿದಳು. ಏನೂ ಕೇಳದೆ ತಿರುಗಿ ಮೆಟ್ಟಿಲಿಳಿದಳು.

“ಇದು ಯಾಕ ಹತ್ತಿತು ತಮ್ಮಾ?” ಎಂದರು ಕಾಶಿನಾಥರು.

“ಇಮಾನ!” ಎಂದರು ನರಸಿಂಹಯ್ಯನವರು, ಬಲು ಗಂಭೀರವಾಗಿ. “ಇಮಾನದ ತರಂಗ ನಮ್ ಮನೇಗೆ ಬಡೀತೈತೆ. ಎತ್ರ ನೋಡಿ.”

ಅಕ್ಷಯಾ ಕಿವಿಗೊಟ್ಟಳು. ಆಕಾಶದಲ್ಲಿ ಒಂದು ಕಾಗೆಯ ಸದ್ದೂ ಇರಲಿಲ್ಲ. ಅವಳು ಸಿದ್ದಲಿಂಗನ ಕಡೆ ತಿರುಗಿ, ಅಂಗಡಿಯಲ್ಲಿ ಕುರ್ಚಿಯ ಮೇಲೆ ಕೂರಿಸಿ ಕೇಳುವ ದನಿಯಲ್ಲೇ ಕೇಳಿದಳು.

“ಇದಕ್ಕೆ ಕತ್ತಲಾಯ್ತು ಅಂತ ಯಾರ್ ಹೇಳೋದು?”

“ಮೇಲೆ ಒಂದು ಸೆನ್ಸರ್ ಇದೆ. ಅದೇ ಕಣ್ಣು.”

“ಆ ಕಣ್ಣನ್ನ ನೋಡಿದ್ರಾ?”

“ಲ್ಯಾಪ್‌ಟಾಪಲ್ಲಿ ದಿನಾ ನೋಡ್ತೀನಿ.”

“ಲ್ಯಾಪ್‌ಟಾಪಲ್ಲಿ ಅಲ್ಲ ರೀ, ಹತ್ತಿ ನೋಡಿದ್ರಾ? ನಮ್ ಅಂಗಡಿಗೆ ಯಾರಾದ್ರೂ ಕಣ್ಣು ಕಾಣಲ್ಲ ಅಂತ ಬಂದ್ರೆ ನಾವು ಮೊದ್ಲು ಅವ್ರ ಕನ್ನಡಕ ಒರೆಸಿ ಕೊಡ್ತೀವಿ. ಅರ್ಧ ಜನಕ್ಕೆ ಅಲ್ಲೇ ವಾಸಿ.”

ಆಯುಧಪೂಜೆಯ ಬೆಳಗು, ಕೈಯಲ್ಲಿದ್ದ ಬಟ್ಟಲು, ಬಟ್ಟಲಿನಲ್ಲಿದ್ದ ಗಿಲಾವು, ಎಲ್ಲವೂ ಒಂದರ ಹಿಂದೊಂದು ಸಿದ್ದಲಿಂಗನ ಕಣ್ಣ ಮುಂದೆ ಬಂದವು. “ಒಂದ್ ನಿಮಿಷ,” ಎಂದವನೇ ಮೆಟ್ಟಿಲು ಹತ್ತಿ ಓಡಿದ. ಆ ಓಟಕ್ಕೆ ಒಲಿಂಪಿಕ್ಸಿನಲ್ಲಿ ಪದಕ ಕೊಡುವ ಪದ್ಧತಿ ಇನ್ನೂ ಬಂದಿಲ್ಲ, ದೇಶದ ದುರದೃಷ್ಟ.

ಟ್ಯಾಂಕಿನ ಪಕ್ಕ, ಸಜ್ಜದ ಕೆಳಗೆ, ಜಗತ್ತಿನ ಅತ್ಯಂತ ಭಕ್ತಿವಂತ ಸೆನ್ಸರು ಕೂತಿತ್ತು. ಕಣ್ಣಿನ ಗಾಜಿನ ಮೇಲೆ ಈ ಕಿವಿಯಿಂದ ಆ ಕಿವಿಯವರೆಗೆ ಮೂರು ಪಟ್ಟೆ ವಿಭೂತಿ. ಒಣಗಿ, ಗಟ್ಟಿಯಾಗಿ, ಬೆಳ್ಳಗೆ ಹೊಳೆಯುತ್ತಿತ್ತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ ಸಿದ್ದಲಿಂಗ ತನ್ನ ಹಣೆ ಮುಟ್ಟಿ ನೋಡಿಕೊಂಡ. ನಾಮದವರ ಆ ಮನೆಯಲ್ಲಿ ವಿಭೂತಿ ಬಳಿಯುವ ಕೈ ಒಂದೇ ಒಂದು. ಸಹಿ ಹಾಕಿ ದಿನಾಂಕ ಬರೆದಿದ್ದರೂ ಇಷ್ಟು ಸ್ಪಷ್ಟವಾಗುತ್ತಿರಲಿಲ್ಲ. ಮಗುವನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದವಳ ಕತೆ ಇದಕ್ಕಿಂತ ಮೇಲು. ಅವಳು ಕೊನೆಗೆ ವಿಮಾನದ ಮೇಲೆ ತಪ್ಪು ಹೊರಿಸಿರಲಿಲ್ಲ.

ಯಾರೂ ಬರುವ ಮೊದಲು ಒರೆಸಿಬಿಟ್ಟರೆ ಕತೆ ಮುಗಿಯಿತು. ಕೆಳಗೆ ಹೋಗಿ ‘ಹೊಸ ಕೋಡ್ ಬರೆದೆ’ ಅಂದರೆ ಚಪ್ಪಾಳೆಯೂ ಸಿಗುತ್ತದೆ, ಹೆಣ್ಣೂ ಸಿಗುತ್ತದೆ. ಕರ್ಚೀಫು ತೆಗೆದು, ಎಂಜಲು ಹಚ್ಚಿ, ಕೈ ಮೇಲೆತ್ತಿದ.

“ತಮ್ಮಾ! ನಿಲ್ಲು!”

ಹಿಂದೆ ಕಾಶಿನಾಥರು. ಏದುಸಿರು ಬಿಡುತ್ತ, ಕಣ್ಣು ತೇಲಿಸಿಕೊಂಡು. ಅವರ ಹಿಂದೆ ಅಕ್ಷಯಾ.

“ಇದು... ಮಷೀನಿಗೂ ಮೂರು ಪಟ್ಟಿ ಹಚ್ಚೀಯೇನು?” ಅವರು ಎರಡೂ ಕೈ ಜೋಡಿಸಿದರು. “ಅಕ್ಷಯಾ, ನೋಡವಾ. ಇಷ್ಟು ವರ್ಷ ಕಾರ್ಖಾನಿಯೊಳಗ ದುಡಿದೆ, ಇಂಥಾ ಹುಡುಗನ್ನ ಕಾಣಲಿಲ್ಲ. ಸಂಸ್ಕಾರ ಅಂದ್ರ ಇದು!” ಅಷ್ಟರಲ್ಲಿ ಅವರ ದೃಷ್ಟಿ ಕರ್ಚೀಫಿನ ಮೇಲೆ ಬಿತ್ತು. ಮುಖ ಬಿಗಿಯಿತು. “ಆ ಅರಿವೀಲೆ ಏನ ಮಾಡಾಕತ್ತಿದ್ದಿ? ವಿಭೂತಿ ಒರಸಾಕ? ಎಂಜಲಾ ಹಚ್ಚಿ?”

ಸಿದ್ದಲಿಂಗ ಜೀವನದಲ್ಲಿ ಹಲವು ಸಿಕ್ಕು ಬಿಡಿಸಿದ್ದ. ಇಂಥದ್ದೊಂದು ಯಾವ ಕೈಪಿಡಿಯಲ್ಲೂ ಇರಲಿಲ್ಲ. ಒರೆಸಿದರೆ ಮಾವ ಹೋದರು. ಒರೆಸದಿದ್ದರೆ ದೀಪ ಆರುವುದಿಲ್ಲ, ಪೆಟ್ಟಿಗೆ ಬೀದಿಗೆ ಬೀಳುತ್ತದೆ, ‘ಕೆಲಸ ನೋಡ್ತೇನಿ’ ಎಂದ ಮಾವ ಹೇಗೂ ಹೋದರು. ಎರಡು ದಾರಿಯ ಕೊನೆಯಲ್ಲೂ ಅಕ್ಷಯಾ ಇರಲಿಲ್ಲ. ಸದ್ಯಕ್ಕೆ ಅವಳು ಟ್ಯಾಂಕಿಗೊರಗಿ ನಿಂತು, ತುಟಿ ಕಚ್ಚಿ ನಗು ನುಂಗುತ್ತಿದ್ದಳು.

ಎದುರಿಗೆ ತುಳಸಿ ಕಟ್ಟೆಯ ಮೇಲೆ ಸುಬ್ಬಮ್ಮನವರ ತಾಮ್ರದ ತಂಬಿಗೆ ಕಂಡಿತು.

“ಒರಸೂದೇನ್ರಿ ಕಾಕಾರ, ಛೇ ಛೇ!” ಎಂದು ಸಿದ್ದಲಿಂಗ ಕರ್ಚೀಫಿನಿಂದ ತನ್ನ ಬೆವರು ಒರೆಸಿಕೊಂಡ. “ಅಭಿಷೇಕಕ್ಕ ತಯಾರಿ ಮಾಡಾಕತ್ತಿದ್ದೆ. ಹಬ್ಬಕ್ಕ ಮೊದಲು ಮಷೀನಿಗೆ ಅಭಿಷೇಕ ಆಗಬೇಕಲ್ರಿ? ಹಿರ್‍ಯಾರ ಕೈಯಿಂದ ಆದ್ರ ಇನ್ನೂ ಛಲೋ.”

ಕಾಶಿನಾಥರ ಮುಖ ಮತ್ತೆ ಅರಳಿತು. ತಂಬಿಗೆ ತುಂಬಿಸಿ, ಚಪ್ಪಲಿ ಬಿಟ್ಟು, ಸೆನ್ಸರಿನ ಮುಂದೆ ನಿಂತರು. ಆಗ ಸಿದ್ದಲಿಂಗನಿಗೆ ಹೆಬ್ಬಾಳ ಕೆರೆ ನೆನಪಾಯಿತು. ಕೆರೆಗೆ ಎಸೆದರೂ ಕೆಲಸ ಮಾಡುತ್ತದೆ ಎಂದವನು ಅವನೇ. ಎಸೆದು ನೋಡಿದವರು ಯಾರೂ ಇರಲಿಲ್ಲ. ಒಳಗೆ ಒಂದು ಹನಿ ಹೋದರೂ ಕಣ್ಣು ಶಾಶ್ವತವಾಗಿ ಮುಚ್ಚುತ್ತದೆ, ಸುಬ್ಬಮ್ಮನವರು ಬದುಕಿರುವ ತನಕ ಮುಸ್ಸಂಜೆ.

“ಸ್ವಲ್ಪ ಸ್ವಲ್ಪ ಹಾಕ್ರಿ ಕಾಕಾರ—”

“ದೇವರ ಕೆಲಸದಾಗ ಜಿಪುಣತನ ಮಾಡಬಾರದು,” ಎಂದ ಕಾಶಿನಾಥರು ‘ಓಂ ನಮಃ ಶಿವಾಯ’ ಎನ್ನುತ್ತ ಇಡೀ ತಂಬಿಗೆಯನ್ನು ಸೆನ್ಸರಿನ ನೆತ್ತಿಯ ಮೇಲೆ ಸುರಿದರು. ಇನ್ನೊಂದು ತಂಬಿಗೆ ತುಂಬಿಸಿ ಅದನ್ನೂ ಸುರಿದರು. ಬಿಳಿ ನೀರು ಗೋಡೆಗುಂಟ ಇಳಿಯಿತು. ಗಾಜು ಕಪ್ಪಗೆ, ಸ್ವಚ್ಛವಾಗಿ, ಒದ್ದೆಯಾಗಿ ಮಿನುಗಿತು.

ಏನೂ ಆಗಲಿಲ್ಲ.

ಸಿದ್ದಲಿಂಗ ಉಸಿರು ಹಿಡಿದ. ಅವನು ಹಿಡಿದ ಉಸಿರಿನಲ್ಲಿ ಲಾರಿಯ ಅಷ್ಟೂ ಗಾಲಿಗೆ ಗಾಳಿ ತುಂಬಬಹುದಿತ್ತು. ಆಮೇಲೆ ಕೆಳಗಿನಿಂದ, ಪರದೆಗಳು ಸರ್ರೆಂದು ಸರಿದ ಸದ್ದು. ಅದರ ಹಿಂದೆಯೇ ಸುಬ್ಬಮ್ಮನವರ ಕೂಗು. “ಅಯ್ಯೋ, ಬೆಳಕಾಯ್ತು ಕಣ್ರೀ! ಎಲ್ಲ ತಮ್ಗೆ ತಾವೇ ಆರೋದ್ವು!”

“ನೋಡಿದೆಯಾ ಶಿವನ ಮಹಿಮಾ!” ಎಂದು ಕಾಶಿನಾಥರು ಆನಂದದಿಂದ ಮುಂದೆ ಇಳಿದು ಹೋದರು.

ಸಿದ್ದಲಿಂಗ ಹಿಂಬಾಲಿಸಲು ಹೊರಟ. ಅಕ್ಷಯಾ ಮೆಟ್ಟಿಲಿಗೆ ಅಡ್ಡ ನಿಂತಳು.

“ಕೆಳಗೆ ಹೋಗಿ ಏನ್ ಹೇಳ್ತೀರಾ? ವಿಮಾನಾನಾ, ಶಿವನಾ?”

“ಎರಡರಲ್ಲಿ ಯಾವ್ದು ಚೆನ್ನಾಗಿದೆ?”

“ತಮಾಷೆ ಬೇಡ ರೀ. ಆ ಅಮ್ಮ ಹದಿನೈದು ದಿನ ಕಸದಲ್ಲಿ ಕೂತಿದ್ರು. ಅಭಿಷೇಕದ್ದು ಅಪ್ಪಂಗೆ ನಾನು ಹೇಳ್ಕೋತೀನಿ. ಈ ಮನೆಯವ್ರಿಗೆ ನೀವು ಹೇಳಿ, ನಿಜಾನ. ಆಮೇಲೆ ನಮ್ಮಪ್ಪಂಗೆ ಹೂಂ ಅನ್ಬೇಕೋ ಊಹೂಂ ಅನ್ಬೇಕೋ ನಾನು ನೋಡ್ತೀನಿ.”

ನಿಜ ಹೇಳುವುದು ಸಿದ್ದಲಿಂಗನಿಗೆ ಬಾರದ ವಿದ್ಯೆಯೇನಲ್ಲ. ಅಭ್ಯಾಸ ತಪ್ಪಿತ್ತು, ಅಷ್ಟೇ. ಮೆಟ್ಟಿಲುಗಳನ್ನು ಒಂದೊಂದಾಗಿ ಎಣಿಸುತ್ತ ಇಳಿದ. ಹಜಾರದಲ್ಲಿ ನರಸಿಂಹಯ್ಯನವರು ಬಿಸಿಲಿನಲ್ಲಿ ನಿಂತು ಮೀಸೆ ತಿರುವುತ್ತಿದ್ದರು.

“ಯಜಮಾನ್ರೇ, ಒಂದು ಮಾತು. ವಿಮಾನ ಅಲ್ಲ. ಆಯುಧಪೂಜೆ ದಿನ ನಾನೇ ಆ ಕಣ್ಣಿನ ಮೇಲೆ ವಿಭೂತಿ ಬಳಿದಿದ್ದೆ. ಅದಕ್ಕೆ ಬೆಳಕೇ ಕಾಣ್ತಿರ್ಲಿಲ್ಲ. ತಪ್ಪು ನಂದು. ಮೊದ್ಲೇ ಹತ್ತಿ ನೋಡ್ಬೇಕಿತ್ತು. ನೋಡ್ಲಿಲ್ಲ, ಸುಳ್ಳು ಹೇಳ್ದೆ.”

ನರಸಿಂಹಯ್ಯನವರು ಅವನನ್ನು ಮೇಲಿನಿಂದ ಕೆಳಗೆ ನೋಡಿದರು. ಆಮೇಲೆ ತೊಡೆ ತಟ್ಟಿಕೊಂಡು ನಕ್ಕರು.

“ಓಗಯ್ಯಾ! ಒಂದ್ ಚಿಟಿಕೆ ಬೂದಿಗೆ ನನ್ ಮನೆ ಇಷ್ಟ್ ದಿನ ಕೆಟ್ಟು ಕೂತಿತ್ತಾ? ಯಾರ್ ನಂಬ್ತಾರೆ? ಇಮಾನನೇ ಅದು. ಇಡೀ ಊರ್‌ಗೆ ಗೊತ್ತು.”

“ಇಲ್ಲ ಯಜಮಾನ್ರೇ, ದೇವ್ರಾಣೆ ವಿಭೂತಿ—”

“ಸಾಕು ಸುಮ್ಕಿರು.” ಅವರು ಕಾಶಿನಾಥರ ಕಡೆ ತಿರುಗಿದರು. “ಸ್ವಾಮಿ, ನಿಮ್ ಉಡ್ಗ ಚಿನ್ನ ಕಣ್ರೀ. ಇಮಾನದ ತರಂಗಾನೇ ತಡೆದು ನಿಲ್ಸವ್ನೆ, ಕೇಳಿದ್ರೆ ಬೂದಿ ಅಂತಾನೆ. ಇಂಥಾ ವಿನಯ ಈ ಕಾಲ್ದಾಗೆ ಎಲ್ಲೈತೆ ಯೋಳಿ?”

ಹುಟ್ಟಿದಾಗಿನಿಂದ ಸಿದ್ದಲಿಂಗನ ಮೇಲೆ ಎಷ್ಟೋ ಆಪಾದನೆಗಳು ಬಂದಿದ್ದವು. ವಿನಯದ ಆಪಾದನೆ ಇದೇ ಮೊದಲು. ಬಾಯಿ ತೆರೆದ. ಮೇಲ್ಸೇತುವೆಯ ಮೇಲೆ ಮೊದಲ ಬಾರಿಗೆ ಒಂದು ಗಾಡಿಯೂ ಇರಲಿಲ್ಲ. ಅಕ್ಷಯಾ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಅವಳ ಹೆಗಲು ಕುಲುಕುತ್ತಿದ್ದವು.

ಸುಬ್ಬಮ್ಮನವರಿಗೆ ವಿಮಾನವೂ ಬೇಕಿರಲಿಲ್ಲ, ಬೂದಿಯೂ ಬೇಕಿರಲಿಲ್ಲ. “ಮಾತ್ ಸಾಕು, ಒತ್ತು ಮುಳುಗ್ತದೆ!” ಎಂದವರೇ ಕಿಟಕಿಯಿಂದ ಬಗ್ಗಿ, “ಆಶಾರಾಣೀ, ಬಟ್ಲು ತಕಬಾರೇ, ಓಡ್ ಬಾ! ದೀಪ ಅತ್ತೋದ್ರಾಗೆ ಮೊಸ್ರು ತಕೊಂಡೋಗು!” ಎಂದು ಕೂಗಿದರು. ಪೊರಕೆಗಳನ್ನೆಲ್ಲ ಹೊರಗೆಳೆದರು. ಅಕ್ಷಯಾ ಒಂದನ್ನು ತೆಗೆದು ಸಿದ್ದಲಿಂಗನ ಕೈಗಿಟ್ಟಳು.

“ಸೋಫಾದ ಹಿಂದೆ ನೀವು. ಅಲ್ಲಿರೋದೆಲ್ಲ ನಿಮ್ದೇ ಕೆಲ್ಸ ಅಲ್ವಾ? ಅಪ್ಪ ಕೆಲ್ಸ ನೋಡೋಕೇ ಬಂದಿರೋದು.”

ಅವನು ಗುಡಿಸಿದ. ಕೆಂಪಾಪುರದ ಚರಿತ್ರೆಯಲ್ಲೇ ಅಂಥ ಗುಡಿಸಾಟ ನಡೆದಿರಲಿಲ್ಲ. ಎದ್ದ ಧೂಳಿಗೆ ಹೆಬ್ಬಾಳದ ತನಕ ಜನ ಸೀನಿದರು. ಆಶಾರಾಣಿ ಮೊಸರು ಒಯ್ದಳು. ನರಸಿಂಹಯ್ಯನವರು ಬಾಲ್ಕನಿಯಲ್ಲಿ ಕೂತು ಉಗುರು ಕತ್ತರಿಸಿಕೊಂಡರು. ಕಾಶಿನಾಥರು ಕುರ್ಚಿ ಹಾಕಿಸಿಕೊಂಡು, “ಆ ಮೂಲ್ಯಾಗ ಇನ್ನೂ ಐತಿ ನೋಡು ತಮ್ಮಾ,” ಎಂದು ಮೇಲ್ವಿಚಾರಣೆ ಮಾಡಿದರು.

ಕೊನೆಯ ಮೊರ ಕಸ ಹೊಸಿಲು ದಾಟುವಾಗ ಆಕಾಶ ಕೆಂಪಾಯಿತು, ಆಮೇಲೆ ಬೂದಿಯಾಯಿತು. ತಾರಸಿಯ ಮೇಲಿನ ಕಣ್ಣು ಸಾವಕಾಶವಾಗಿ ಯೋಚಿಸಿ, ಸರಿ ಎಂದು ಒಪ್ಪಿ, ಅಷ್ಟೂ ದೀಪಗಳನ್ನು ಹತ್ತಿಸಿತು. ಸುಬ್ಬಮ್ಮನವರು ಕೈ ಮುಗಿದರು. ನೋಡಿ ಎಲ್ಲರೂ ಮುಗಿದರು. ಸಿದ್ದಲಿಂಗ ಪೊರಕೆ ಕಂಕುಳಲ್ಲಿಟ್ಟುಕೊಂಡು ಮುಗಿದ.

ಪಕ್ಕದಲ್ಲಿ ಕೈ ಮುಗಿದು ನಿಂತಿದ್ದ ಅಕ್ಷಯಾ ಕಣ್ಣು ತೆರೆಯದೆಯೇ ಮೆಲ್ಲಗೆ ಹೇಳಿದಳು.

“ಮದುವೆ ಆದ್ಮೇಲೆ ನಾವು ಮಾಡೋ ಮನೇಲಿ ಮಾತ್ರ ಕರೀ ಸ್ವಿಚ್ಚು. ಟಕ್ ಅಂದ್ರೆ ಹತ್ಬೇಕು.”

“ಆಗ್ಲಿ,” ಎಂದ ಸಿದ್ದಲಿಂಗ. ಬೇರೊಂದು ಮಾತೂ ಸೇರಿಸಲಿಲ್ಲ. ಬೇಕಿದ್ದರೆ ಆಶಾರಾಣಿಯನ್ನು ಕೇಳಿ, ಅವಳು ಆಗ ದೀಪ ನೋಡಲು ಬಂದು ಹೊಸಿಲಲ್ಲೇ ನಿಂತಿದ್ದಳು.